ನೀವು ಬರೆದದ್ದೇ ಸರ್ವರ್‌ಗೆ ಹೋಯಿತೇ?

ಪ್ರಶ್ನೆ: ನಾನು ಕಲಬುರಗಿಯವಳು. ಬಿಸಿಎ ಮುಗಿಸಿ, ದಾಲ್ ಮಿಲ್‌ಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡವೊಂದನ್ನು ಹೋದ ತಿಂಗಳು ಸೇರಿದೆ. ಲಾರಿ ಒಳಗೆ ಬಂದ ಕೂಡಲೇ ತೂಕ ದಾಖಲು ಮಾಡುವ ಒಂದು ಎಪಿಐ (ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಮಾತಾಡುವ ಕಿಂಡಿ) ಇದೆ. ಅದನ್ನು ಪೋಸ್ಟ್‌ಮ್ಯಾನ್ ಅನ್ನುವ ಟೂಲ್‌ನಲ್ಲಿ ಟೆಸ್ಟ್ ಮಾಡು ಅಂದರು. ಲಿಂಕನ್ನು ಬ್ರೌಸರ್‌ನಲ್ಲಿ ಹಾಕಿದರೆ 405 ಬರುತ್ತದೆ. ಪೋಸ್ಟ್‌ಮ್ಯಾನ್‌ನಲ್ಲಿ ಮೊದಲು 401 ಬಂತು. ಟೋಕನ್ (ನಾನು ಯಾರು ಅಂತ ಸರ್ವರ್‌ಗೆ ತೋರಿಸುವ ಗುರುತು) ಹಾಕಿದ ಮೇಲೆ 400 ಬಂತು, "ಬಾಡಿ ಖಾಲಿ ಇದೆ" ಅನ್ನುತ್ತದೆ. ಬಾಡಿ ನನ್ನ ಕಣ್ಣ ಮುಂದೆಯೇ ಇದೆ! ಸೀನಿಯರ್‌ನ ಕೇಳಿದರೆ "ನನ್ನ ಕಂಪ್ಯೂಟರ್‌ನ್ಯಾಗ ಬರ್ತದಲ್ಲ" ಅಂತಾರೆ. ರಿಕ್ವೆಸ್ಟ್ ಮಾಡುವುದು, ಕಳಿಸುವುದು ಅಂದರೆ ನಿಜವಾಗಿ ಏನು? ಶುರುವಿನಿಂದ ಹೇಳುತ್ತೀರಾ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. 405, 401, 400 ಅಂತ ನೀವು ಮೂರು ಸಲ ಸೋತಿಲ್ಲ. ಮೂರು ಬಾಗಿಲು ದಾಟಿದ್ದೀರಿ. ಮೊದಲ ಬಾಗಿಲಲ್ಲಿ "ಹೀಗೆ ಕೇಳಬಾರದು" ಅಂದರು. ಎರಡನೆಯದರಲ್ಲಿ "ನೀವು ಯಾರು?" ಅಂದರು. ಮೂರನೆಯದರಲ್ಲಿ ಒಳಗೆ ಬಿಟ್ಟರು, ಆದರೆ "ತಂದ ಮಾಲು ಎಲ್ಲಿ?" ಅಂತ ಕೇಳುತ್ತಿದ್ದಾರೆ. ಇನ್ನೊಂದೇ ಹೆಜ್ಜೆ ಬಾಕಿ.

ರಿಕ್ವೆಸ್ಟ್ ಅಂದರೆ ಒಂದಿಷ್ಟು ಅಕ್ಷರ, ಅಷ್ಟೇ. ನಿಮ್ಮದು ಹೆಚ್ಚುಕಡಿಮೆ ಹೀಗಿರಬೇಕು. ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ಕಳಿಸುವಾಗ ಮೊದಲ ನಾಲ್ಕು ಸಾಲು ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು.

ಪೋಸ್ಟ್ /ಲಾರಿ/ಆವಕ ಎಚ್‌ಟಿಟಿಪಿ/1.1
ಹೋಸ್ಟ್: ನಿಮ್ಮ ಸರ್ವರ್ ಹೆಸರು
ಆಥರೈಸೇಶನ್: ಬೇರರ್ ನಿಮ್ಮ ಟೋಕನ್
ಕಂಟೆಂಟ್-ಟೈಪ್: ಅಪ್ಲಿಕೇಶನ್/ಜೇಸನ್

{ "ಬೆಳೆ": "ತೊಗರಿ", "ಚೀಲ": 200, "ತೂಕ": 101.6 }

ಮೊದಲ ಸಾಲಿನಲ್ಲಿ ಏನು ಮಾಡಬೇಕು (ಇದೇ ಮೆಥಡ್), ಎಲ್ಲಿ ಅನ್ನುವುದು ಇದೆ. ಕೆಳಗಿನವು ಹೆಡರ್‌ಗಳು, ಅಂದರೆ ರಿಕ್ವೆಸ್ಟ್ ಬಗ್ಗೆ ವಿವರ ಹೇಳುವ ಸಾಲುಗಳು. ಆಮೇಲೆ ಒಂದು ಖಾಲಿ ಸಾಲು. ಅದರ ನಂತರ ಬಾಡಿ, ಅಂದರೆ ಕಳಿಸುವ ಮಾಹಿತಿ. ಹೀಗೆ ಹೆಸರು, ಅದರ ಮುಂದೆ ಬೆಲೆ ಅಂತ ಬರೆಯುವ ರೀತಿಗೆ ಜೇಸನ್ ಅನ್ನುತ್ತಾರೆ. ಆ ಖಾಲಿ ಸಾಲು ಸುಮ್ನೆ ಇಲ್ಲ, "ಹೆಡರ್ ಮುಗಿಯಿತು" ಅಂತ ಸರ್ವರ್‌ಗೆ ತಿಳಿಯುವುದೇ ಅದರಿಂದ. ಬ್ರೌಸರ್, ಸರ್ವರ್‌ಗಳು ಮಾತಾಡುವ ಈ ನಿಯಮದ ಹೆಸರು ಎಚ್‌ಟಿಟಿಪಿ. 2015ರಲ್ಲಿ ಬಂದ ಎಚ್‌ಟಿಟಿಪಿ/2ರಲ್ಲಿ ಇದೆಲ್ಲ ಬೈನರಿಯಾಗಿ ಹೋಗುತ್ತದೆ. ಆದರೂ ಅರ್ಥ ಇದೇ.

ಪೋಸ್ಟ್‌ಮ್ಯಾನ್ ಮಾಡುವ ಕೆಲಸ, ಈ ಅಕ್ಷರಗಳನ್ನು ನಿಮ್ಮ ಪರವಾಗಿ ಬರೆದು ಕಳಿಸುವುದು. ನೀವು ತುಂಬುವುದು ಡಬ್ಬಿಗಳನ್ನು, ಅದು ಬರೆಯುವುದು ಸಾಲುಗಳನ್ನು. ತೊಂದರೆ ಹುಟ್ಟುವುದು ಈ ಎರಡರ ನಡುವೆ. ಡಬ್ಬಿಯಲ್ಲಿ ಕಾಣುವುದು ಒಂದು, ಹೊರಗೆ ಹೋಗುವುದು ಇನ್ನೊಂದು. "ಬಾಡಿ ನನ್ನ ಕಣ್ಣ ಮುಂದೆಯೇ ಇದೆ" ಅಂತ ಬರೆದಿದ್ದೀರಲ್ಲ, ಅದು ನಿಮ್ಮ ಕಣ್ಣ ಮುಂದೆ ಇದೆ, ಸರ್ವರ್‌ನ ಕಣ್ಣ ಮುಂದೆ ಇಲ್ಲ.

ಹಾಗಾಗಿ ಬೇರೆ ಏನೂ ಮುಟ್ಟುವ ಮೊದಲು ಕನ್ಸೋಲ್ ತೆರೆಯಿರಿ. ಪೋಸ್ಟ್‌ಮ್ಯಾನ್‌ನ ಕೆಳಗಿನ ಪಟ್ಟಿಯಲ್ಲಿ ಸಿಗುತ್ತದೆ. ಕಂಟ್ರೋಲ್, ಆಲ್ಟ್, ಸಿ ಮೂರನ್ನೂ ಒಟ್ಟಿಗೆ ಒತ್ತಿದರೂ ಬರುತ್ತದೆ. ಸೆಂಡ್ ಒತ್ತಿ, ಕನ್ಸೋಲ್‌ನಲ್ಲಿ ಬಂದ ಸಾಲನ್ನು ಬಿಚ್ಚಿ ನೋಡಿ. ಯಾವ ಮೆಥಡ್, ಯಾವ ಹೆಡರ್, ಯಾವ ಬಾಡಿ ಹೋಯಿತು ಅನ್ನುವುದು ಅಲ್ಲಿ ಇದ್ದ ಹಾಗೆ ಕಾಣುತ್ತದೆ. ಇಂಥದ್ದೇ ಇನ್ನೊಂದು ಟೂಲ್ ಬ್ರೂನೊ ಬಳಸುವವರಿಗೆ ಟೈಮ್‌ಲೈನ್ ಅನ್ನುವ ಟ್ಯಾಬ್‌ನಲ್ಲಿ ಇದೇ ಸಿಗುತ್ತದೆ. ನಾನು ಯಾರಿಗಾದರೂ ಈ ಟೂಲ್ ಕಲಿಸುವಾಗ ಸೆಂಡ್ ಬಟನ್‌ಗಿಂತ ಮೊದಲು ತೋರಿಸುವುದು ಕನ್ಸೋಲನ್ನೇ.

ಈಗ ನಿಮ್ಮ 405. ಎಚ್‌ಟಿಟಿಪಿ 1991ರಲ್ಲಿ ಮೊದಲು ಬಂದಾಗ ಅದರಲ್ಲಿ ಇದ್ದದ್ದು ಗೆಟ್ ಒಂದೇ. ಪುಟ ಕೇಳು, ಪುಟ ತಗೊ, ಅಷ್ಟೇ. ಬ್ರೌಸರ್‌ನ ಅಡ್ರೆಸ್ ಪಟ್ಟಿ ಇವತ್ತಿಗೂ ಗೆಟ್ ಬಿಟ್ಟು ಬೇರೇನೂ ಕಳಿಸುವುದಿಲ್ಲ. ನಿಮ್ಮ ಎಪಿಐ ಹೊಸ ದಾಖಲೆ ಸೇರಿಸುವಂಥದ್ದು, ಅದಕ್ಕೆ ಬೇಕಾದದ್ದು ಪೋಸ್ಟ್. ಅದಕ್ಕೇ "ಈ ಮೆಥಡ್ ಇಲ್ಲಿ ನಡೆಯಲ್ಲ" ಅಂತ 405. ಬ್ರೌಸರ್‌ನಲ್ಲಿ ಲಿಂಕ್ ಹಾಕಿ ನೋಡುವ ಅಭ್ಯಾಸವನ್ನು ಗೆಟ್ ಎಪಿಐಗಳಿಗಷ್ಟೇ ಇಟ್ಟುಕೊಳ್ಳಿ.

ಆದರೆ ಪೋಸ್ಟ್‌ಮ್ಯಾನ್‌ನಲ್ಲಿ ಪೋಸ್ಟ್ ಅಂತಲೇ ಆರಿಸಿ, ಸರ್ವರ್‌ಗೆ ಗೆಟ್ ತಲುಪುವುದೂ ಉಂಟು. ಹೇಗೆ ಅಂತೀರಾ? ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್ ಬದಲು ಬರೀ ಎಚ್‌ಟಿಟಿಪಿ ಹಾಕಿದ್ದೀರಿ ಅಂದುಕೊಳ್ಳಿ. ಸರ್ವರ್ 301 ಅಥವಾ 302 ಕಳಿಸಿ "ಆ ಬಾಗಿಲಿಗೆ ಹೋಗಿ" ಅನ್ನುತ್ತದೆ. ಟೂಲ್ ನಿಮ್ಮನ್ನು ಕೇಳದೆ ಆ ಬಾಗಿಲಿಗೆ ಹೋಗುತ್ತದೆ. ಹೋಗುವಾಗ ಪೋಸ್ಟನ್ನು ಗೆಟ್ ಮಾಡಿಕೊಳ್ಳುತ್ತದೆ, ಬಾಡಿಯನ್ನು ದಾರಿಯಲ್ಲೇ ಬಿಡುತ್ತದೆ. ಇದು ಟೂಲ್‌ನ ತಪ್ಪಲ್ಲ, ಬ್ರೌಸರ್‌ಗಳು ಮೊದಲಿನಿಂದ ಹೀಗೇ ಮಾಡುತ್ತ ಬಂದಿವೆ. ಮೆಥಡ್ ಬದಲಾಗಬಾರದು ಅಂತಲೇ ಆಮೇಲೆ 307, 308 ಬಂದವು. ಕನ್ಸೋಲ್‌ನಲ್ಲಿ ಒಂದು ಸೆಂಡ್‌ಗೆ ಎರಡು ಸಾಲು ಕಂಡರೆ, ಮೊದಲನೆಯದು ಪೋಸ್ಟ್, ಎರಡನೆಯದು ಗೆಟ್ ಇದ್ದರೆ, ಕಳ್ಳ ಸಿಕ್ಕ ಅಂತ ತಿಳಿಯಿರಿ. ವಿಳಾಸ ಸರಿಮಾಡಿದರೆ ಮುಗಿಯಿತು.

401 ನೀವೇ ದಾಟಿದ್ದೀರಿ, ಜಾಸ್ತಿ ಹೇಳುವುದಿಲ್ಲ. ಆಥ್ ಟ್ಯಾಬ್‌ನಲ್ಲಿ ಬೇರರ್ ಟೋಕನ್ ಆರಿಸಿದರೆ "ಬೇರರ್" ಅನ್ನುವ ಪದವನ್ನು ಟೂಲೇ ಸೇರಿಸುತ್ತದೆ. ನೀವೂ ಅದನ್ನು ಸೇರಿಸಿ ಪೇಸ್ಟ್ ಮಾಡಿದರೆ "ಬೇರರ್ ಬೇರರ್" ಅಂತ ಹೋಗಿ ಮತ್ತೆ 401 ಬರುತ್ತದೆ. ಟೋಕನ್‌ಗೆ ಅವಧಿ ಇರುತ್ತದೆ, ಬೆಳಿಗ್ಗೆ ನಡೆದದ್ದು ಮಧ್ಯಾಹ್ನ ನಡೆಯದೇ ಇರಬಹುದು. 403 ಬಂದರೆ ಅದು ಬೇರೆ ಮಾತು: ನೀವು ಯಾರು ಅಂತ ಗೊತ್ತು, ಆದರೆ ಈ ಕೆಲಸಕ್ಕೆ ನಿಮಗೆ ಅನುಮತಿ ಇಲ್ಲ. ಆಗ ಟೋಕನ್ ಎಷ್ಟು ಸಲ ಬದಲಿಸಿದರೂ ಉಪಯೋಗವಿಲ್ಲ, ಅನುಮತಿ ಕೊಡುವವರನ್ನು ಕೇಳಬೇಕು.

ಈಗ ನಿಜವಾದ ರೋಗ, ಬಾಡಿ. ಅಡತ್ ಅಂಗಡಿಯಲ್ಲಿ ಚೀಲದ ಮೇಲೆ ಚೀಟಿ ಇರುತ್ತದಲ್ಲ, ಕಂಟೆಂಟ್-ಟೈಪ್ ಅಂದರೆ ಆ ಚೀಟಿ. ಚೀಲದಲ್ಲಿ ತೊಗರಿ ಇದೆ, ಚೀಟಿಯಲ್ಲಿ ಜೋಳ ಅಂತಿದೆ. ಹಮಾಲ ಚೀಲ ಬಿಚ್ಚಿ ನೋಡುವುದಿಲ್ಲ, ಚೀಟಿ ನೋಡಿ ಜೋಳದ ರಾಶಿಗೆ ಹಾಕುತ್ತಾನೆ. ಸರ್ವರ್ ಕೂಡ ಹಾಗೇ. ನೀವು ಬಾಡಿಯಲ್ಲಿ ಜೇಸನ್ ಬರೆದು, ಪಕ್ಕದ ಪಟ್ಟಿಯಲ್ಲಿ ಟೆಕ್ಸ್ಟ್ ಅಂತ ಬಿಟ್ಟಿದ್ದರೆ ಚೀಟಿಯಲ್ಲಿ "ಟೆಕ್ಸ್ಟ್/ಪ್ಲೇನ್" ಅಂತ ಹೋಗುತ್ತದೆ. ಕೆಲವು ಸರ್ವರ್‌ಗಳು 415 ಕೊಟ್ಟು "ಈ ಥರದ ಮಾಲು ತಗೊಳಲ್ಲ" ಅಂತ ನೇರವಾಗಿ ಹೇಳುತ್ತವೆ. ನೋಡ್ ಮೇಲೆ ಎಕ್ಸ್‌ಪ್ರೆಸ್ (ಸರ್ವರ್ ಬರೆಯಲು ಬಳಸುವ ಜಾವಾಸ್ಕ್ರಿಪ್ಟ್ ಸಲಕರಣೆಗಳು) ಬಳಸಿ ಬರೆದವು ಸಾಮಾನ್ಯವಾಗಿ ಅಷ್ಟು ಹೇಳುವುದಿಲ್ಲ. ಜೇಸನ್ ಓದುವ ಭಾಗ ಚೀಟಿ ನೋಡಿ "ಇದು ನನ್ನದಲ್ಲ" ಅಂತ ಪಕ್ಕಕ್ಕೆ ಸರಿಯುತ್ತದೆ. ಮುಂದಿನ ಕೋಡ್‌ಗೆ ಬಾಡಿ ಖಾಲಿ ಕಾಣುತ್ತದೆ. ನಿಮ್ಮ "ಬಾಡಿ ಖಾಲಿ ಇದೆ" ನೂರಕ್ಕೆ ತೊಂಬತ್ತು ಪಾಲು ಇದೇ. ಬಾಡಿ ಟ್ಯಾಬ್, ಅದರಲ್ಲಿ ರಾ, ಅದರ ಪಕ್ಕದ ಪಟ್ಟಿಯಲ್ಲಿ ಜೇಸನ್. ಇಷ್ಟು ಮಾಡಿ ನೋಡಿ. ಹೆಡರ್ ಟ್ಯಾಬ್‌ನಲ್ಲಿ ನೀವೇ ಕೈಯಿಂದ ಕಂಟೆಂಟ್-ಟೈಪ್ ಹಾಕಿದ್ದರೆ ಅದನ್ನು ತೆಗೆಯಿರಿ.

ಇನ್ನೊಂದು ಸಣ್ಣ ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಪೋಸ್ಟ್‌ಮ್ಯಾನ್‌ನಲ್ಲಿ ರಾ, ಫಾರ್ಮ್-ಡೇಟಾ, ನನ್ ಅಂತ ಆಯ್ಕೆಗಳಿವೆಯಲ್ಲ, ಒಂದರಿಂದ ಇನ್ನೊಂದಕ್ಕೆ ಹೋದರೂ ಮೊದಲು ಬರೆದದ್ದು ಅಳಿಯುವುದಿಲ್ಲ. ಆದರೆ ಹೋಗುವುದು ಈಗ ಗುರುತು ಮಾಡಿದ್ದು ಮಾತ್ರ. ರಾನಲ್ಲಿ ಚೆಂದಾಗಿ ಜೇಸನ್ ಬರೆದು, ಯಾವಾಗಲೋ ಫಾರ್ಮ್-ಡೇಟಾ ನೋಡಲು ಹೋಗಿ ಅಲ್ಲೇ ಬಿಟ್ಟರೆ ಖಾಲಿ ಫಾರ್ಮ್ ಹೋಗುತ್ತದೆ.

ಫಾರ್ಮ್-ಡೇಟಾ ಮಾತು ಬಂದದ್ದಕ್ಕೆ ಹೇಳುತ್ತೇನೆ. ಮುಂದೆ ತೂಕದ ಚೀಟಿಯ ಫೋಟೊ ಅಪ್‌ಲೋಡ್ ಮಾಡುವ ಎಪಿಐ ನಿಮಗೆ ಖಂಡಿತ ಬರುತ್ತದೆ. ಅಲ್ಲಿ ಫಾರ್ಮ್-ಡೇಟಾ ಆರಿಸಿ, ಕಂಟೆಂಟ್-ಟೈಪ್ ಮಾತ್ರ ಕೈಯಿಂದ ಹಾಕಬೇಡಿ. ಒಂದು ಭಾಗ ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆ ಅಂತ ತಿಳಿಸುವ ಗಡಿಗುರುತು ಆ ಹೆಡರ್‌ನಲ್ಲೇ ಇರಬೇಕು. ಟೂಲ್ ಆ ಗುರುತನ್ನು ತಾನೇ ಮಾಡಿ ಸೇರಿಸುತ್ತದೆ. ನೀವು ಬರೆದರೆ ಗುರುತು ಇರುವುದಿಲ್ಲ, ಸರ್ವರ್‌ಗೆ ಎಲ್ಲಿ ಕತ್ತರಿಸಬೇಕು ಅಂತ ತಿಳಿಯುವುದಿಲ್ಲ.

ಚೀಟಿ ಸರಿಯಾದ ಮೇಲೂ 400 ಬಂದರೆ ಚೀಲದ ಒಳಗೆ ನೋಡಿ. ಜೇಸನ್ ಬಲು ಹಠಮಾರಿ. ಕೊನೆಯ ಐಟಂ ಆದ ಮೇಲೆ ಅಲ್ಪವಿರಾಮ ಇದ್ದರೆ ಒಪ್ಪುವುದಿಲ್ಲ. ವರ್ಡ್‌ನಲ್ಲಿ ಬರೆದದ್ದನ್ನು ಕಾಪಿ ಮಾಡಿದರೆ ನೇರ ಉದ್ಧರಣ ಚಿಹ್ನೆಯ ಬದಲು ಸೊಟ್ಟನೆಯದು ಬಂದಿರುತ್ತದೆ. ಕಣ್ಣಿಗೆ ಎರಡೂ ಒಂದೇ, ಜೇಸನ್‌ಗೆ ಅಲ್ಲ. ನಮ್ಮವರಿಗೇ ಬರುವ ಇನ್ನೊಂದು ತೊಂದರೆ ಇದೆ. ಕೀಬೋರ್ಡ್ ಕನ್ನಡದಲ್ಲಿದ್ದಾಗ ತೂಕ ೧೦೧.೬ ಅಂತ ಟೈಪ್ ಆಗುತ್ತದೆ. ಜೇಸನ್ ಸಂಖ್ಯೆಗಳಲ್ಲಿ 0ಯಿಂದ 9ರ ಅಂಕಿಗಳಷ್ಟೇ ನಡೆಯುತ್ತವೆ, ಕನ್ನಡ ಅಂಕಿ ನಡೆಯುವುದಿಲ್ಲ. ಉದ್ಧರಣ ಚಿಹ್ನೆಯೊಳಗೆ ಬರೆದರೆ ತಪ್ಪಿಲ್ಲ, ಆದರೆ ಆಗ ಅದು ಸಂಖ್ಯೆ ಅಲ್ಲ, ಬರೀ ಪಠ್ಯ. ಕನ್ನಡ ಪದಗಳಿಗೆ ಮಾತ್ರ ಏನೂ ತಕರಾರಿಲ್ಲ. ಮೇಲಿನ ಉದಾಹರಣೆಯಲ್ಲಿ "ತೊಗರಿ" ಅಂತ ಬರೆದ ಬಾಡಿ ಹಾಗೇ ಹೋಗುತ್ತದೆ.

ಅದೇ ತೊಗರಿ ವಿಳಾಸದಲ್ಲಿ ಬಂದರೆ ಕಥೆ ಬೇರೆ. ಬೆಳೆಯ ಹೆಸರಿನಿಂದ ಹುಡುಕುವ ಗೆಟ್ ರಿಕ್ವೆಸ್ಟ್ ಮಾಡುತ್ತೀರಿ ಅಂದುಕೊಳ್ಳಿ. ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗದಲ್ಲಿ ಕನ್ನಡ ನೇರವಾಗಿ ಹೋಗುವಂತಿಲ್ಲ. ತೊಗರಿ ಅನ್ನುವುದು ಕಂಪ್ಯೂಟರ್‌ಗೆ ತ, ಒತ್ವ, ಗ, ರ, ಗುಡಿಸು ಅಂತ ಐದು ಸಂಕೇತ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8 ಅನ್ನುವ ರೀತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 15. ಪ್ರತಿ ಬೈಟನ್ನೂ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರವಾಗಿ ಬರೆದರೆ 45 ಅಕ್ಷರದ ಬಾಲ. ಮೂರಕ್ಷರದ ತೊಗರಿಗೆ ಇಷ್ಟುದ್ದ! ಕನ್ಸೋಲ್‌ನಲ್ಲಿ ಇದನ್ನು ಕಂಡು ಗಾಬರಿಯಾಗಬೇಡಿ, ಅದು ಸರಿಯಾಗಿಯೇ ಇದೆ. ಪ್ಯಾರಮ್ಸ್ ಟ್ಯಾಬ್‌ನಲ್ಲಿ ತುಂಬಿದರೆ ಈ ಕೆಲಸವನ್ನು ಟೂಲ್ ನೋಡಿಕೊಳ್ಳುತ್ತದೆ. ಕೂಡಿಸುವ ಚಿಹ್ನೆಯೊಂದನ್ನು ಮಾತ್ರ ನಂಬಬೇಡಿ. ಮೊಬೈಲ್ ನಂಬರಿನ ಹಿಂದಿನ +91ರಲ್ಲಿರುವ ಕೂಡಿಸುವ ಚಿಹ್ನೆಯನ್ನು ಎಷ್ಟೋ ಸರ್ವರ್‌ಗಳು ಖಾಲಿ ಜಾಗ ಅಂತ ಓದುತ್ತವೆ.

ಹುಡುಕುವಾಗ ಇನ್ನೊಂದು ಮೋಸ ಆಗುತ್ತದೆ, ನಮ್ಮ ಊರಿನವರಿಗಂತೂ ತಪ್ಪಿದ್ದಲ್ಲ. ಗುಲ್ಬರ್ಗ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ರಂದು. ಹಳೆಯ ಡೇಟಾಬೇಸ್‌ನಲ್ಲಿ ಹಳೆಯ ಹೆಸರೇ ಉಳಿದಿರುತ್ತದೆ. ಯಾದಗಿರಿ ಬೇರೆ ಜಿಲ್ಲೆ ಆದದ್ದು 2009ರ ಕೊನೆಯಲ್ಲಿ, ಅದಕ್ಕೂ ಹಿಂದಿನ ಲೆಕ್ಕ ಗುಲ್ಬರ್ಗದ ಕೆಳಗೇ ಇರುತ್ತದೆ. ನೀವು ಕಲಬುರಗಿ ಅಂತ ಹುಡುಕಿದರೆ 200 ಬರುತ್ತದೆ, ಹಸಿರು ಬಣ್ಣ, ಎಲ್ಲ ಚೆನ್ನ. ಒಳಗೆ ನೋಡಿದರೆ ಖಾಲಿ ಪಟ್ಟಿ. 200 ಅಂದರೆ "ನಿಮ್ಮ ಮಾತು ಅರ್ಥವಾಯಿತು" ಅಂತ ಮಾತ್ರ. ನೀವು ಕೇಳಿದ್ದು ಸಿಕ್ಕಿತು ಅಂತಲ್ಲ.

ಇನ್ನು ನಿಮ್ಮ ಸೀನಿಯರ್ ಮಾತು. "ನನ್ನ ಕಂಪ್ಯೂಟರ್‌ನ್ಯಾಗ ಬರ್ತದಲ್ಲ" ಅನ್ನುವುದು ಸುಳ್ಳಲ್ಲ. ಅವರ ಪೋಸ್ಟ್‌ಮ್ಯಾನ್‌ನಲ್ಲಿ ಇರುವುದು ನಿಮ್ಮದರಲ್ಲಿ ಇಲ್ಲ, ಅಷ್ಟೇ. ಅವರು ಯಾವತ್ತೋ ಲಾಗಿನ್ ಎಪಿಐ ಕಳಿಸಿರುತ್ತಾರೆ, ಸರ್ವರ್ ಕುಕೀ (ಗುರುತಿನ ಸಣ್ಣ ಚೀಟಿ) ಕೊಟ್ಟಿರುತ್ತದೆ, ಟೂಲ್ ಅದನ್ನು ಎತ್ತಿಟ್ಟುಕೊಂಡು ಪ್ರತಿ ರಿಕ್ವೆಸ್ಟ್ ಜೊತೆ ಸದ್ದಿಲ್ಲದೆ ಕಳಿಸುತ್ತಿರುತ್ತದೆ. ಅದು ಅವರಿಗೇ ಗೊತ್ತಿರಲಿಕ್ಕಿಲ್ಲ. ಇನ್ನೊಂದು ಸಾಧ್ಯತೆ ಎನ್‌ವಿರಾನ್‌ಮೆಂಟ್. ವಿಳಾಸದಲ್ಲಿ ಜೋಡಿ ಪುಷ್ಪಾವರಣದೊಳಗೆ ಒಂದು ಹೆಸರು ಇರುತ್ತದಲ್ಲ, ಅದು ವೇರಿಯೇಬಲ್. ಅದರ ಬೆಲೆ ಇರುವುದು ಎನ್‌ವಿರಾನ್‌ಮೆಂಟ್‌ನಲ್ಲಿ. ಅವರು ನಿಮಗೆ ಕಲೆಕ್ಷನ್ (ರಿಕ್ವೆಸ್ಟ್‌ಗಳ ಕಟ್ಟು) ಎಕ್ಸ್‌ಪೋರ್ಟ್ ಮಾಡಿ ಕೊಟ್ಟರೆ ಎನ್‌ವಿರಾನ್‌ಮೆಂಟ್ ಅದರ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಡಬೇಕು. ಕೊಟ್ಟ ಮೇಲೂ ಬಲಗಡೆ ಮೇಲಿನ ಪಟ್ಟಿಯಲ್ಲಿ ನೀವು ಅದನ್ನು ಆರಿಸಬೇಕು. ಇಬ್ಬರ ಕನ್ಸೋಲನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲು ಹೋಲಿಸಿ. ಜಗಳ ಐದು ನಿಮಿಷದಲ್ಲಿ ಮುಗಿಯುತ್ತದೆ.

ಅವರ ಕಂಪ್ಯೂಟರ್‌ನಲ್ಲೇ ಸರ್ವರ್ ಓಡುತ್ತಿದ್ದು, ವಿಳಾಸದಲ್ಲಿ ಲೋಕಲ್‌ಹೋಸ್ಟ್ ಅಂತ ಇದ್ದರೆ ಅದು ನಿಮ್ಮಲ್ಲಿ ಬರುವುದೇ ಇಲ್ಲ. ಲೋಕಲ್‌ಹೋಸ್ಟ್ ಅಂದರೆ "ನಾನು ಕೂತಿರುವ ಮನೆ". ನೀವು ಹೇಳಿದರೆ ನಿಮ್ಮ ಮನೆ, ಅವರು ಹೇಳಿದರೆ ಅವರ ಮನೆ. ನಿಮ್ಮಲ್ಲೇ ಸರ್ವರ್ ಓಡಿಸಿದರೂ ಕನೆಕ್ಷನ್ ರೆಫ್ಯೂಸ್ಡ್ ಬಂದರೆ, ಲೋಕಲ್‌ಹೋಸ್ಟ್ ಬದಲು 127.0.0.1 ಹಾಕಿ ನೋಡಿ. ಒಂದು ಕಡೆ ಹಳೆಯ ಬಗೆಯ ವಿಳಾಸ ಐಪಿವಿ4, ಇನ್ನೊಂದು ಕಡೆ ಹೊಸ ಬಗೆಯ ಐಪಿವಿ6 ಆಗಿ ದಾರಿ ತಪ್ಪಿರಬಹುದು.

ಮುಂದೆ ನಿಮ್ಮ ತಂಡದಲ್ಲಿ ಇದರ ಉಲ್ಟಾ ಮಾತೂ ಬರುತ್ತದೆ: "ಪೋಸ್ಟ್‌ಮ್ಯಾನ್‌ನ್ಯಾಗ ಬರ್ತದ, ನಮ್ಮ ವೆಬ್ ಪುಟದಾಗ ಬರಂಗಿಲ್ಲ." ಅದರ ಹೆಸರು ಕಾರ್ಸ್. ಒಂದು ತಾಣದ ಪುಟ ಇನ್ನೊಂದು ಸರ್ವರ್‌ನ ಉತ್ತರ ಓದಬೇಕಾದರೆ ಆ ಸರ್ವರ್ ಒಪ್ಪಿಗೆ ಕೊಡಬೇಕು. ಆ ಕಾವಲು ಕಾಯುವುದು ಬ್ರೌಸರ್. ಡೆಸ್ಕ್‌ಟಾಪ್ ಟೂಲ್‌ಗೆ ಈ ಕಾವಲಿಲ್ಲ. ಹಾಗಾಗಿ ಪೋಸ್ಟ್‌ಮ್ಯಾನ್‌ನಲ್ಲಿ ಬಂದದ್ದು ಎಪಿಐ ಕೆಲಸ ಮಾಡುತ್ತಿದೆ ಅನ್ನುವುದಕ್ಕೆ ಸಾಕ್ಷಿ, ಬ್ರೌಸರ್‌ನಲ್ಲಿ ನಡೆಯುತ್ತದೆ ಅನ್ನುವುದಕ್ಕೆ ಅಲ್ಲ. ಇಂಥ ಹೊತ್ತಲ್ಲಿ ಬ್ರೌಸರ್‌ನ ನೆಟ್‌ವರ್ಕ್ ಟ್ಯಾಬ್‌ಗೆ ಹೋಗಿ, ಆ ರಿಕ್ವೆಸ್ಟನ್ನು ಕರ್ಲ್ (ರಿಕ್ವೆಸ್ಟ್ ಕಳಿಸುವ ಕಮಾಂಡ್) ಆಗಿ ಕಾಪಿ ಮಾಡಿ, ಪೋಸ್ಟ್‌ಮ್ಯಾನ್‌ನಲ್ಲಿ ಇಂಪೋರ್ಟ್ ಮಾಡಿ. ಬ್ರೌಸರ್ ಕಳಿಸಿದ್ದೆಲ್ಲ ಡಬ್ಬಿಗಳಲ್ಲಿ ತಾನಾಗಿ ತುಂಬಿಕೊಳ್ಳುತ್ತದೆ. ಆ ಕಾಪಿಯನ್ನು ವಾಟ್ಸ್ಆ್ಯಪ್ ಗುಂಪಿಗೆ ಮಾತ್ರ ಹಾಕಬೇಡಿ, ಟೋಕನ್, ಕುಕೀ ಎಲ್ಲ ಅದರಲ್ಲೇ ಇರುತ್ತವೆ.

ಯಾವ ಟೂಲ್ ಒಳ್ಳೆಯದು ಅಂತ ನೀವು ಕೇಳಿಲ್ಲ, ಆದರೂ ಎರಡು ಮಾತು. ಪೋಸ್ಟ್‌ಮ್ಯಾನ್ 2012ರಲ್ಲಿ ಅಭಿನವ್ ಅಸ್ಥಾನಾ ಮಾಡಿದ ಕ್ರೋಮ್ ಎಕ್ಸ್‌ಟೆನ್ಶನ್ ಆಗಿ ಶುರುವಾಯಿತು. ತಂಡ ಅದನ್ನೇ ಬಳಸುತ್ತಿದ್ದರೆ ನೀವೂ ಅದನ್ನೇ ಬಳಸಿ. ಒಬ್ಬರೇ ಕಲಿಯುವುದಾದರೆ ನಾನು ಬ್ರೂನೊ ಅನ್ನುತ್ತೇನೆ. ಅಕೌಂಟ್ ಬೇಡ, ರಿಕ್ವೆಸ್ಟ್‌ಗಳು ನಿಮ್ಮ ಫೋಲ್ಡರ್‌ನಲ್ಲೇ ಪಠ್ಯ ಫೈಲ್ ಆಗಿ ಇರುತ್ತವೆ, ನೆಟ್ ಹೋದರೂ ಕೈಗೆ ಸಿಗುತ್ತವೆ.

ನೆಟ್ ಹೋಗುವುದು ಅಂದ ಮೇಲೆ ನನ್ನದೊಂದು ಫಜೀತಿ ಹೇಳಲೇಬೇಕು. ನಿಮ್ಮಂಥದ್ದೇ ಕೆಲಸ, ಇಲ್ಲಿನದೇ ಒಂದು ದಾಲ್ ಮಿಲ್, ಕಡು ಬೇಸಿಗೆ. ಟೆಸ್ಟ್ ಸರ್ವರ್ ಬದಲು ನಿಜವಾದ ಸರ್ವರ್‌ನ ಎನ್‌ವಿರಾನ್‌ಮೆಂಟ್ ಆರಿಸಿ ಕೂತಿದ್ದೆ, ಅದು ನನ್ನ ಮೊದಲ ತಪ್ಪು. ಸೆಂಡ್ ಒತ್ತಿದೆ. ಕರೆಂಟ್ ಹೋಯಿತು, ರೌಟರ್ ಆಫ್ ಆಯಿತು, ಲ್ಯಾಪ್‌ಟಾಪ್‌ನಲ್ಲಿ ಎರರ್ ಬಂತು. ಕರೆಂಟ್ ಬಂದ ಮೇಲೆ ಮತ್ತೆ ಒತ್ತಿದೆ. ಮತ್ತೆ ಹೋಯಿತು. ಮೂರನೇ ಸಲಕ್ಕೆ 201, ಅಂದರೆ "ದಾಖಲೆ ಆಯಿತು" ಅಂತ ಬಂತು, ಖುಷಿಯಾದೆ. ಸಂಜೆ ಮುನೀಮರು ಬಂದು ಕೇಳಿದರು: "ಒಂದs ಲಾರಿ ಮೂರು ಸಲ ಹೆಂಗ ಬಂತ್ರೀ?"

ಆಗಿದ್ದು ಇಷ್ಟೇ. ಮೂರು ಸಲವೂ ರಿಕ್ವೆಸ್ಟ್ ತಲುಪಿತ್ತು, ಮೊದಲೆರಡು ಸಲ ಉತ್ತರ ಮಾತ್ರ ನನಗೆ ತಲುಪಿರಲಿಲ್ಲ. ಎರರ್ ಬಂತು ಅಂದರೆ ಕೆಲಸ ಆಗಿಲ್ಲ ಅಂತಲ್ಲ. ಗೆಟ್ ಎಷ್ಟು ಸಲ ಕಳಿಸಿದರೂ ತೊಂದರೆ ಇಲ್ಲ. ಬದಲಿಸುವ ಪುಟ್, ಅಳಿಸುವ ಡಿಲೀಟ್ ಕೂಡ ನಿಯಮದ ಪ್ರಕಾರ ಹತ್ತು ಸಲ ಕಳಿಸಿದರೂ ಒಂದು ಸಲ ಕಳಿಸಿದ ಸ್ಥಿತಿಯೇ ಇರಬೇಕು. ಪೋಸ್ಟ್‌ಗೆ ಆ ಖಾತ್ರಿ ಇಲ್ಲ. ಆದ್ದರಿಂದ ಪೋಸ್ಟ್ ನಡುವೆ ಕಡಿದರೆ, ಮತ್ತೆ ಸೆಂಡ್ ಒತ್ತುವ ಮೊದಲು ಒಂದು ಗೆಟ್ ಕಳಿಸಿ ದಾಖಲೆ ಆಗಿದೆಯಾ ಅಂತ ನೋಡುತ್ತೇನೆ. ಆ ಮಿಲ್‌ನ ಎಪಿಐಗೆ ಆಮೇಲೆ ಒಂದು ಹೆಡರ್ ಸೇರಿಸಿದೆವು. ಪ್ರತಿ ಲಾರಿ ಚೀಟಿಗೂ ಒಂದು ಗುರುತು, ಅದೇ ಗುರುತು ಎರಡನೇ ಸಲ ಬಂದರೆ ಸರ್ವರ್ ಹೊಸ ದಾಖಲೆ ಮಾಡದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಹಣ ಪಾವತಿಯ ಎಪಿಐಗಳಲ್ಲಿ ಇದನ್ನು ಐಡೆಂಪೊಟೆನ್ಸಿ ಕೀ ಅನ್ನುತ್ತಾರೆ. ನಿಮ್ಮ ಎಪಿಐಯಲ್ಲಿ ಇದೆಯಾ ಅಂತ ಸೀನಿಯರ್‌ನ ಕೇಳಿ. ಇಲ್ಲ ಅಂದರೆ ಈ ಕಥೆ ಹೇಳಿ.

ನಾಳೆ ಆಫೀಸಿಗೆ ಹೋದ ಕೂಡಲೇ ನಿಮ್ಮ ಸರ್ವರ್‌ಗೆ ಏನನ್ನೂ ಕಳಿಸಬೇಡಿ. ಪೋಸ್ಟ್‌ಮ್ಯಾನ್ ಎಕೋ ಅನ್ನುವ ಉಚಿತ ಸೇವೆ ಇದೆ, ನೀವು ಕಳಿಸಿದ್ದನ್ನೇ ವಾಪಸ್ ತೋರಿಸುತ್ತದೆ. ನಿಮ್ಮ ರಿಕ್ವೆಸ್ಟನ್ನು ಡೂಪ್ಲಿಕೇಟ್ ಮಾಡಿ, ಟೋಕನ್ ತೆಗೆದು, ವಿಳಾಸ ಮಾತ್ರ ಬದಲಿಸಿ ಅಲ್ಲಿಗೆ ಕಳಿಸಿ. ಉತ್ತರದಲ್ಲಿ ಜೇಸನ್ ಅನ್ನುವ ಜಾಗ ಖಾಲಿ ಬಂದರೆ ತಪ್ಪು ನಿಮ್ಮ ಕಡೆ ಇದೆ, ಮೊದಲು ಆ ಟೆಕ್ಸ್ಟ್-ಜೇಸನ್ ಪಟ್ಟಿ ನೋಡಿ. ಅಲ್ಲಿ ತೊಗರಿ, ಚೀಲ, ತೂಕ ಮೂರೂ ಸರಿಯಾಗಿ ಕಂಡು, ನಿಮ್ಮ ಸರ್ವರ್ ಮಾತ್ರ 400 ಅನ್ನುತ್ತಿದ್ದರೆ ಕನ್ಸೋಲ್‌ನಲ್ಲಿರುವ ಪೂರ್ತಿ ಪಠ್ಯ ಕಾಪಿ ಮಾಡಿ ನನಗೆ ಕಳಿಸಿ. ಸ್ಕ್ರೀನ್‌ಶಾಟ್ ಬೇಡ, ಅದರಲ್ಲಿ ಸೊಟ್ಟ ಉದ್ಧರಣ ಚಿಹ್ನೆ ಕಾಣುವುದಿಲ್ಲ. ಟೋಕನ್ ಇರುವ ಸಾಲನ್ನು ಅಳಿಸಿಯೇ ಕಳಿಸಿ.